ಹಟ್ಟಿ ಕಾಯುವ ನಾಟಿ ನಾಯಿ

ಆಗಸ್ಟ್ ತಿಂಗಳ ರಾತ್ರಿ ಹುಣಸೂರು, ಪಿರಿಯಾಪಟ್ಟಣದ ಕಡೆ ಯಾವ ಹಳ್ಳಿಗೆ ಹೋದರೂ ಹೊಗೆಸೊಪ್ಪಿನ ಬ್ಯಾರನ್ ಉರಿಯುತ್ತಿರುತ್ತದೆ. ಒಂದು ಸಲ ಸೊಪ್ಪು ಏರಿಸಿದರೆ ಹದವಾಗಿ ಇಳಿಸಲು ಐದಾರು ದಿನ ಬೇಕು. ಅಷ್ಟೂ ದಿನ ಹಗಲಿರುಳು ಬೆಂಕಿ ನೋಡಿಕೊಳ್ಳಲು ಮನೆಯವರೊಬ್ಬರು ಅಲ್ಲಿರಲೇಬೇಕು. ಅವರ ಜೊತೆಗೆ, ಒಲೆಬಾಯಿಯಿಂದ ಎರಡು ಮಾರು ದೂರದ ಬೆಚ್ಚನೆಯ ಮಣ್ಣಿನಲ್ಲಿ ಒಂದು ನಾಯಿ ಸುರುಳಿ ಸುತ್ತಿ ಮಲಗಿರುತ್ತದೆ. ಮೂತಿ ಬಾಲದಡಿ, ಕಣ್ಣು ಮುಚ್ಚಿದೆ. ಎದ್ದಿರುವುದು ಕಿವಿ ಮಾತ್ರ. ಸೌದೆ ಮುರಿದ ಸದ್ದಿಗೆ ಅಲುಗದ ಆ ಕಿವಿ, ಬೇಲಿಯಾಚೆ ತರಗೆಲೆ ಸರಿದರೆ ಥಟ್ಟನೆ ಅತ್ತ ತಿರುಗುತ್ತದೆ.

ಈ ಅಧ್ಯಾಯ ಆ ನಾಯಿಯ ಬಗ್ಗೆ. ಕಂತ್ರಿ ನಾಯಿ, ಬೀದಿ ನಾಯಿ ಎಂದು ನಾವು ಸಸಾರ ಮಾಡುವ ನಾಟಿ ನಾಯಿ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ತೋಟ, ಕಣ, ಕೊಟ್ಟಿಗೆಗಳನ್ನು ತಲೆತಲಾಂತರದಿಂದ ಕಾಯುತ್ತ ಬಂದಿದೆ. ಪೇಟೆಯಿಂದ ಸಾವಿರಾರು ರೂಪಾಯಿ ಕೊಟ್ಟು ಜಾತಿ ನಾಯಿ ತಂದು, ಬೇಸಿಗೆಯ ಬಿಸಿಲಿಗೂ ಉಣ್ಣೆ ಹುಳಕ್ಕೂ ಅದನ್ನು ಕಳೆದುಕೊಳ್ಳುವವರು ಪ್ರತಿ ಊರಿನಲ್ಲೂ ಇದ್ದಾರೆ. ನಮ್ಮ ನೆಲಕ್ಕೆ ಒಗ್ಗಿದ ಕಾವಲುಗಾರ ಮನೆ ಮುಂದೆಯೇ ಇರುವಾಗ ಅದನ್ನು ಅರಿತು ಸಾಕುವುದನ್ನು ನಾವು ಕಲಿಯಬೇಕು.

ಅದರ ಮೈಕಟ್ಟನ್ನೇ ನೋಡಿ. ಮಧ್ಯಮ ಗಾತ್ರ, ಸುಮಾರು 15ರಿಂದ 25 ಕೆ.ಜಿ. ತೂಕ, ನಿಗುರಿದ ಕಿವಿ, ಬೆನ್ನ ಮೇಲಕ್ಕೆ ಸುತ್ತಿದ ಬಾಲ, ಗಿಡ್ಡ ಕೂದಲು. ಕೆಂಚು ಬಣ್ಣ ಹೆಚ್ಚು. ಕಪ್ಪು, ಬಿಳಿ ಮಚ್ಚೆಯವೂ ಉಂಟು. ಸೆಕೆಗೆ ಬೇಗ ಸೋಲುವುದಿಲ್ಲ. ಇದು ಸಿಕ್ಕ ಸಿಕ್ಕ ತಳಿಗಳೆಲ್ಲ ಬೆರೆತು ಹುಟ್ಟಿದ್ದೆಂಬುದು ತಪ್ಪು ತಿಳಿವಳಿಕೆ. ಭಾರತದ ಹಳ್ಳಿ ನಾಯಿಗಳ ವಂಶವಾಹಿ ಪರೀಕ್ಷಿಸಿದವರಿಗೆ ಯುರೋಪಿನ ತಳಿಗಳ ಬೆರಕೆ ಕಂಡಿದ್ದು ತೀರ ಕಡಿಮೆ. ಮನುಷ್ಯ ಬೇಕೆಂದು ರೂಪಿಸಿದ ತಳಿಗಳಿಗಿಂತ ಇದು ಹಳೆಯದು. ಕರ್ನಾಟಕದ ಹೆಸರಾಂತ ನಾಯಿ ಎಂದರೆ ಬಾಗಲಕೋಟೆ ಜಿಲ್ಲೆಯ ಮುಧೋಳ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಚೆಲುವ ಅದು. ಆದರೆ ಬಯಲಿನಲ್ಲಿ ಕಣ್ಣಿಟ್ಟು ಓಡಿ ಹಿಡಿಯುವ ಬೇಟೆಗಾರನಿಗೂ ರಾತ್ರಿಯಿಡೀ ಒಂದೇ ಜಾಗದಲ್ಲಿ ಕಿವಿಗೊಟ್ಟು ಕೂರುವ ಕಾವಲುಗಾರನಿಗೂ ಸ್ವಭಾವ ಬೇರೆ. ಕಬ್ಬಿನ ಗದ್ದೆ, ಜೋಳದ ಹೊಲ, ಕಾಡಂಚಿನ ಊರಿಗೆ ಎರಡನೆಯದೇ ಸರಿ.

ನಾಯಿಗೆ ಗೌರವ ಕೊಡುವುದು ಈ ಸೀಮೆಗೆ ಹೊಸದೂ ಅಲ್ಲ. ಪಕ್ಕದ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949–50ರ ಶಾಸನ ಕಾಳಿ ಎಂಬ ನಾಯಿಯ ಕಥೆ ಹೇಳುತ್ತದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ದೊರೆ ಮೆಚ್ಚಿ ಏನು ಬೇಕೆಂದು ಕೇಳಿದರೆ, ಅವನು ಬೇಡಿದ್ದು ಕಾಳಿಯನ್ನು. ಮುಂದೆ ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ.

ಕಾವಲು ನಾಯಿಯ ಕೆಲಸ ಕಚ್ಚುವುದಲ್ಲ, ಕೂಗುವುದು. ಇದೊಂದು ಮಾತು ಮನಸ್ಸಿಗೆ ಹತ್ತಿದರೆ ಸಾಕುವ ರೀತಿಯೇ ಬದಲಾಗುತ್ತದೆ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನದ ಆಚೆಗಿನ ಸದ್ದು ಕೇಳದು. ನಾಯಿಗೆ ಸುಮಾರು 45,000ದವರೆಗೂ ಕೇಳುತ್ತದೆ. ಅದು ನಮಗಿಂತ ಮೊದಲು ಕೇಳಿದ್ದನ್ನು ನಮಗೆ ತಿಳಿಯುವ ಹಾಗೆ ಹೇಳುತ್ತದೆ. ಹೇಳುವುದರಲ್ಲೂ ಬಗೆಗಳಿವೆ. ಬೇರೆ ಬೇರೆ ಸಂದರ್ಭದ ಬೊಗಳುವಿಕೆಯನ್ನು ಧ್ವನಿಮುದ್ರಿಸಿ ಕೇಳಿಸಿದರೆ ಜನ ಬಹುಮಟ್ಟಿಗೆ ಸರಿಯಾಗಿ ಗುರುತಿಸುತ್ತಾರೆಂದು ಹಂಗೇರಿಯ ಸಂಶೋಧಕರು 2005ರಲ್ಲಿ ತೋರಿಸಿದರು. ನಮ್ಮ ರೈತರು ಅದನ್ನು ದಿನಾ ರಾತ್ರಿ ಮಾಡುತ್ತಲೇ ಇದ್ದಾರೆ.

ಅಪರಿಚಿತ ಮನುಷ್ಯ ಬಂದರೆ ನಾಯಿ ಗಟ್ಟಿಯಾಗಿ, ಬಿಡದೆ ಬೊಗಳುತ್ತ ಮುಂದಕ್ಕೆ ನುಗ್ಗುತ್ತದೆ. ಪರಿಚಯದವರಾದರೆ ಎರಡು ಕೂಗು ಕೂಗಿ ಬಾಲಕ್ಕೆ ಕೆಲಸ ಕೊಡುತ್ತದೆ. ಆನೆ ಬಂದರೆ ನಿಂತಲ್ಲೇ ನಿಂತು ಬಹಳ ಹೊತ್ತು ಬೊಗಳುತ್ತದೆ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತದೆ. ವೀರನಹೊಸಹಳ್ಳಿ, ಅಂತರಸಂತೆ ಕಡೆಯ ಕಾಡಂಚಿನ ಊರುಗಳಲ್ಲಿ ಈ ಕೂಗು ಒಂದು ಹಟ್ಟಿಯ ನಾಯಿಯಿಂದ ಮುಂದಿನ ಹಟ್ಟಿಯ ನಾಯಿಗೆ ದಾಟುತ್ತ ಹೋಗುತ್ತದೆ. ಯಾವ ದಿಕ್ಕಿನ ನಾಯಿಗಳು ಈಗ ಬೊಗಳುತ್ತಿವೆ ಎಂಬುದರ ಮೇಲೆಯೇ ಆನೆ ಎತ್ತ ಹೊರಟಿದೆ ಎಂದು ಮಂಚಿಗೆಯ ಮೇಲೆ ಕೂತವರು ಲೆಕ್ಕ ಹಾಕುತ್ತಾರೆ. ಚಿರತೆಯಾದರೆ ಬೇರೆಯೇ ಕಥೆ. ಒಂದೆರಡು ಸಲ ಕಿರುಚಿ ಸದ್ದಡಗುತ್ತದೆ. ಬೆನ್ನ ಕೂದಲು ನಿಮಿರಿ, ಬಾಲ ಕಾಲ ಸಂದಿಗೆ ಸೇರಿ, ಬಂದು ಬಾಗಿಲು ಕೆರೆಯುತ್ತದೆ. ಆಗ ಬಾಗಿಲು ತೆಗೆದು ನಾಯಿಯನ್ನು ಒಳಗೆ ಬಿಟ್ಟುಕೊಳ್ಳಿ, ನೀವು ಹೊರಗೆ ಹೋಗಬೇಡಿ.

ಬೊಗಳಿದ ನಾಯಿಗೆ ‘ಸುಮ್ಕಿರ್ಲಾ’ ಎಂದು ಕಲ್ಲೆಸೆಯುವುದು ನಮ್ಮ ದೊಡ್ಡ ತಪ್ಪು. ಎದ್ದು ಟಾರ್ಚ್ ಬಿಟ್ಟು ನೋಡಿ, ಏನೂ ಇಲ್ಲದಿದ್ದರೆ ಹೆಸರು ಹಿಡಿದು ಕರೆದು ತಲೆ ಸವರಿ. ತನ್ನ ಮಾತಿಗೆ ಯಾರೋ ಎದ್ದು ಬರುತ್ತಾರೆಂದು ತಿಳಿದ ನಾಯಿ ಅಳತೆ ಮೀರಿ ಬೊಗಳುವುದು ಕಡಿಮೆ. ಊಳಿಟ್ಟರೆ ಸಾವು ಎಂಬ ನಂಬಿಕೆಯಿಂದ ಹೊಡೆಯುವವರೂ ಇದ್ದಾರೆ. ಊಳಿಡುವುದು ದೂರದ ನಾಯಿಗೋ, ಆಂಬುಲೆನ್ಸ್ ಸದ್ದಿಗೋ, ದೇವಸ್ಥಾನದ ಮೈಕಿಗೋ ಕೊಡುವ ಉತ್ತರ, ಅಷ್ಟೆ.

ಮರಿ ತರುವಾಗ ಆತುರ ಬೇಡ. ಕಣ್ಣು ಬಿಟ್ಟು ನಡೆಯತೊಡಗಿದ ಕೂಡಲೇ ಎತ್ತಿಕೊಂಡು ಬರುವುದು ರೂಢಿ, ಆದರೆ ಸುಮಾರು ಎರಡು ತಿಂಗಳು ಮರಿ ತಾಯಿಯ ಹತ್ತಿರವಿರಬೇಕು. ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಒಡಹುಟ್ಟಿದವುಗಳ ಜೊತೆ ಆಡುತ್ತಲೇ ಕಲಿಯುವುದು. ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಮರಿ ಕಂಡದ್ದೆಲ್ಲ ಅದರ ಲೋಕವಾಗುತ್ತದೆ. ಮಕ್ಕಳು, ಅಜ್ಜಿ, ಹಾಲಿನವರು, ಟ್ರ್ಯಾಕ್ಟರ್, ಕೋಳಿ, ಕುರಿ, ಎತ್ತು ಎಲ್ಲವೂ ಆ ದಿನಗಳಲ್ಲಿ ಪರಿಚಯವಾಗಬೇಕು. ಆಗ ಗೂಟಕ್ಕೆ ಕಟ್ಟಿ ಬೆಳೆಸಿದ ಮರಿ ದೊಡ್ಡದಾದ ಮೇಲೆ ಹೆದರಿ ಕಚ್ಚುತ್ತದೆ. ಹೆದರಿದ ನಾಯಿಯನ್ನು ಧೈರ್ಯವಂತ ಎಂದು ಹೊಗಳುವವರೂ ಇದ್ದಾರೆ!

ಸಿಟ್ಟು ಬರಲೆಂದು ಖಾರ ತಿನ್ನಿಸುವುದು, ಹಸಿವಿನಲ್ಲಿಡುವುದು, ಕಿವಿ ತುದಿ ಕುಯ್ಯುವುದು ಶುದ್ಧ ಹಿಂಸೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇರುವುದೇ ಇಂಥದ್ದನ್ನು ತಡೆಯಲಿಕ್ಕೆ. ನಿಗುರಿದ ಕಿವಿಯೇ ಅದರ ಉಪಕರಣವಾಗಿರುವಾಗ ಅದನ್ನು ಕುಯ್ದರೆ ಏನು ಉಪಯೋಗ? ಹಗಲೆಲ್ಲ ಕಟ್ಟಿಹಾಕುವುದೂ ಬೇಡ. ಇದು ಚುರುಕಿನ ಪ್ರಾಣಿ, ಬೆಳಗ್ಗೆ ಸಂಜೆ ಮೈ ದಣಿಯಬೇಕು. ಹೊಲಕ್ಕೆ ಹೋಗುವಾಗ, ಮೇಕೆ ಮೇಯಿಸುವಾಗ ಜೊತೆಗೆ ಕರೆದೊಯ್ದರೆ ಸಾಕು. ಕಟ್ಟಲೇಬೇಕಾದರೆ ನೆರಳು, ನೀರು, ಓಡಾಡುವಷ್ಟು ಉದ್ದದ ಸರಪಳಿ ಇರಲಿ. ಮರಿಗೆ ಕಟ್ಟಿದ ಕುತ್ತಿಗೆಪಟ್ಟಿಯನ್ನು ಬೆಳೆದ ಹಾಗೆ ಸಡಿಲಿಸಲು ಮರೆತು, ಅದು ಚರ್ಮದೊಳಕ್ಕೆ ಇಳಿದ ನಾಯಿಗಳು ಪಶು ಆಸ್ಪತ್ರೆಗೆ ಬರುತ್ತವೆ. ವಾರಕ್ಕೊಮ್ಮೆ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿ.

ಊಟದ ವಿಷಯಕ್ಕೆ ಅಂಗಡಿಯ ಚೀಲ ಬೇಕಿಲ್ಲ. ಪಿಷ್ಟ ಅರಗಿಸುವ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹೆಚ್ಚಿವೆ ಎಂದು 2013ರ ಅಧ್ಯಯನವೊಂದು ತೋರಿಸಿದೆ. ಮನುಷ್ಯನ ಹಟ್ಟಿಯ ಮುಂದೆ ಉಂಡು ಉಂಡು ಆದ ಬದಲಾವಣೆ ಅದು. ರಾಗಿ ಮುದ್ದೆ, ಅನ್ನ ಎರಡೂ ಒಗ್ಗುತ್ತವೆ. ಆದರೆ ಬರೀ ಮುದ್ದೆ, ಸಾರು ಹಾಕಿದರೆ ಮೈ ಕೂದಲು ಮಂಕಾಗಿ, ಪಕ್ಕೆಲುಬು ಎದ್ದು ಬರುತ್ತದೆ. ಮೊಟ್ಟೆ, ಮೀನಿನ ತಲೆ, ಬೇಯಿಸಿದ ಕೋಳಿ ಕರುಳು, ಮೊಸರು ಇವುಗಳಲ್ಲಿ ಒಂದಾದರೂ ದಿನಾ ಸೇರಲಿ. ಬೆಂದ ಕೋಳಿ ಮೂಳೆ ಚೂರಾಗಿ ಕರುಳಿಗೆ ಚುಚ್ಚುತ್ತದೆ, ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ಹೆಚ್ಚಾಗಿರುವ ಸಾರು, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ.

ರೋಗಗಳಲ್ಲಿ ಮೊದಲು ಹೇಳಬೇಕಾದ್ದು ರೇಬಿಸ್. ಮೂರು ತಿಂಗಳಿಗೆ ಲಸಿಕೆ, ತಿಂಗಳ ನಂತರ ಇನ್ನೊಂದು, ಆಮೇಲೆ ವರ್ಷಕ್ಕೊಂದು. ಮನುಷ್ಯರಿಗೆ ತಗಲುವ ರೇಬಿಸನ್ನು 2022ರಲ್ಲಿ ಕರ್ನಾಟಕ ಸರ್ಕಾರ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಹುಚ್ಚು ಹಿಡಿದ ನಾಯಿ ಸಿಕ್ಕವರನ್ನೆಲ್ಲ ಅಟ್ಟಿಸಿಕೊಂಡು ಕಚ್ಚುತ್ತದೆ ಎಂದಷ್ಟೇ ನಮಗೆ ಗೊತ್ತು. ಇನ್ನೊಂದು ರೂಪವಿದೆ: ನಾಯಿ ಮೂಲೆ ಹಿಡಿದು ಮಂಕಾಗುತ್ತದೆ, ದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನೀರು ನುಂಗಲಾಗುವುದಿಲ್ಲ. ‘ಗಂಟಲಲ್ಲಿ ಮೂಳೆ ಸಿಕ್ಕಾಕ್ಕೊಂಡದೆ’ ಎಂದು ಮನೆಯವರು ಬಾಯೊಳಗೆ ಕೈ ಹಾಕುತ್ತಾರೆ. ಆ ಜೊಲ್ಲಿನಲ್ಲೇ ವೈರಸ್ ಇರುವುದು. ದಯವಿಟ್ಟು ಕೈ ಹಾಕಬೇಡಿ, ಪಶುವೈದ್ಯರನ್ನು ಕರೆಸಿ. ಯಾವ ನಾಯಿ ಕಚ್ಚಿದರೂ, ಸಾಕಿದ್ದೇ ಆದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಮೆತ್ತಬಾರದು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ, ವೈದ್ಯರು ಹೇಳಿದ ಅಷ್ಟೂ ಸೂಜಿ ಹಾಕಿಸಿಕೊಳ್ಳಬೇಕು. ರಕ್ತ ಬಂದ ಗಾಯವಾದರೆ ಅದರ ಸುತ್ತ ಕೊಡುವ ಪ್ರತಿಕಾಯದ ಚುಚ್ಚುಮದ್ದನ್ನೂ ಕೇಳಿ ಹಾಕಿಸಿಕೊಳ್ಳಿ. ರೋಗ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ದಾರಿ ಇಲ್ಲವೆಂದೇ ಹೇಳಬೇಕು.

ಮಳೆಗಾಲದಲ್ಲಿ ಉಣ್ಣೆ ಹುಳ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಗೊಂಚಲುಗಟ್ಟುತ್ತದೆ. ಅದು ತರುವ ಜ್ವರದಲ್ಲಿ ಮೂಗಿನಿಂದ ರಕ್ತ ಬರುವುದುಂಟು. ‘ಉಷ್ಣ’ ಎಂದು ಮಜ್ಜಿಗೆ ಕುಡಿಸಿ ದಿನ ಕಳೆದರೆ ನಾಯಿ ಉಳಿಯದು, ರಕ್ತ ಪರೀಕ್ಷೆ ಮಾಡಿಸಿ ಔಷಧಿ ಕೊಡಿಸಿದರೆ ಬಹುಪಾಲು ಬದುಕುತ್ತದೆ. ದನಕ್ಕೆ ತಂದ ಉಣ್ಣೆ ಔಷಧಿಯನ್ನು ಅದೇ ಅಳತೆಯಲ್ಲಿ ನಾಯಿಗೆ ಬಳಿಯಬೇಡಿ, ಅದು ನೆಕ್ಕಿಕೊಳ್ಳುತ್ತದೆ. ಗಾಯದಲ್ಲಿ ಹುಳ ಬಿದ್ದರೆ ಫಿನಾಯಿಲ್ ಸುರಿಯುವ ಅಭ್ಯಾಸವೂ ಹೋಗಬೇಕು. ಹುಳ ಸಾಯಬಹುದು, ಮಾಂಸವೂ ಸುಡುತ್ತದೆ.

ನಾಟಿ ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬೆದೆಗೆ ಬರುತ್ತದೆ, ಬಹುತೇಕ ಕಾರ್ತಿಕದ ಆಸುಪಾಸಿನಲ್ಲಿ. ಆಗ ಗಂಡುನಾಯಿಗಳು ದಿನಗಟ್ಟಲೆ ಮನೆಗೇ ಬರುವುದಿಲ್ಲ, ಬಂದರೂ ಮೈತುಂಬ ಗಾಯ. ಒಂಬತ್ತು ವಾರಕ್ಕೆ ಮರಿ. ಹೆಣ್ಣು ಮರಿಗಳನ್ನು ಚೀಲದಲ್ಲಿ ತುಂಬಿ ಸಂತೆಮಾಳದಲ್ಲಿ ಬಿಟ್ಟುಬರುವುದನ್ನು ಕಂಡು ನೋಯದವರಿಲ್ಲ. ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು ಬೀದಿಯ ಮರಿಗಳನ್ನು ಹಿಂಬಾಲಿಸಿ ನೋಡಿದಾಗ, ಮರಿ ಹಾಕುವ ವಯಸ್ಸಿನವರೆಗೆ ಉಳಿದದ್ದು ನೂರಕ್ಕೆ 19 ಮಾತ್ರ. ಸತ್ತವುಗಳಲ್ಲಿ ಹೆಚ್ಚಿನವಕ್ಕೆ ಮನುಷ್ಯನೇ ಕಾರಣನಾಗಿದ್ದ. ಸಂತಾನಹರಣ ಮಾಡಿಸಿದರೆ ಕಾವಲಿನ ಗುಣ ಹೋಗುತ್ತದೆಂಬ ಭಯ ಬೇಡ. ಅಲೆದಾಟ, ಕಾದಾಟ ಕಡಿಮೆಯಾಗಿ ನಾಯಿ ಹಟ್ಟಿಯಲ್ಲೇ ನಿಲ್ಲುತ್ತದೆ. ಜನನಾಂಗದಲ್ಲಿ ಬರುವ, ಕೂಡುವಾಗ ಹರಡುವ ಗಡ್ಡೆಯ ಕಾಟವೂ ತಪ್ಪುತ್ತದೆ.

ಇನ್ನು ಕಾಡು. ರೈಲ್ವೆ ಕಂಬಿಯ ಬೇಲಿ ಆನೆಯನ್ನು ತಡೆಯಬಹುದು, ಚಿರತೆಯನ್ನು ತಡೆಯದು. ಮಹಾರಾಷ್ಟ್ರದ ಅಕೋಲೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಲದ್ದಿ ಪರೀಕ್ಷಿಸಿದಾಗ, ಅದು ತಿಂದ ಬೇಟೆಯ ತೂಕದಲ್ಲಿ ಶೇ 39ರಷ್ಟು ನಾಯಿಯದೇ ಇತ್ತು. ಕೆ.ಆರ್. ನಗರದ ಕಬ್ಬಿನ ಗದ್ದೆಯಲ್ಲೂ ಚಿರತೆಗೆ ಬೇಕಾದ ಮರೆ ಇದೆ. ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟಿದರೆ ಅದಕ್ಕೆ ಓಡಲೂ ಆಗದು, ಅವಿತುಕೊಳ್ಳಲೂ ಆಗದು. ಒಂದೋ ಬಿಚ್ಚಿಬಿಡಿ, ಇಲ್ಲವೇ ನಾಲ್ಕೂ ಕಡೆ, ಮೇಲೂ ಜಾಲರಿ ಹಾಕಿದ ಗೂಡಿನಲ್ಲಿ ಮಲಗಿಸಿ. ಚಿರತೆ ಬಾಯಿ ಹಾಕುವುದು ಕುತ್ತಿಗೆಗೆ. ಹಿಮಾಲಯದ ಕುರಿಗಾಹಿಗಳು ನಾಯಿಗೆ ಕಟ್ಟುವ ಮುಳ್ಳು ಪಟ್ಟಿ ನಮ್ಮಲ್ಲೂ ಉಪಯೋಗಕ್ಕೆ ಬರುತ್ತದೆ.

ನಾಯಿಯನ್ನು ಕಾಡೊಳಗೆ ಮಾತ್ರ ಕರೆದೊಯ್ಯಬೇಡಿ. ಆನೆಯನ್ನೋ ಕರಡಿಯನ್ನೋ ಕೆಣಕಿದ ನಾಯಿ ಓಡಿಬರುವುದು ಒಡೆಯನ ಕಾಲ ಬುಡಕ್ಕೆ, ಅದರ ಬೆನ್ನ ಹಿಂದೆಯೇ ಆ ಪ್ರಾಣಿ. ಹಂದಿಗೆಂದು ಇಟ್ಟ ಉರುಳು, ಸಿಡಿಮದ್ದಿಗೂ ನಾಯಿ ಬಲಿಯಾಗುತ್ತದೆ. ಕಾಡಿಗೂ ಅದರಿಂದ ಕೇಡು. ನಾಯಿಯ ಡಿಸ್ಟೆಂಪರ್ ರೋಗ 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಮೂರರಲ್ಲೊಂದು ಪಾಲು ಸಿಂಹಗಳನ್ನು ಕೊಂದಿತು, 2018ರಲ್ಲಿ ಗುಜರಾತಿನ ಗಿರ್‌ನಲ್ಲೂ ಸಿಂಹಗಳು ಸತ್ತವು. ಕೃಪಾಕರ–ಸೇನಾನಿ ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರಿಸಿದ ಬಂಡೀಪುರದ ಸೀಳುನಾಯಿಗಳಂಥವು ನಾಗರಹೊಳೆಯಲ್ಲೂ ಇವೆ. ಅವು ಊರ ನಾಯಿಯ ಹತ್ತಿರದ ನೆಂಟರಾದ್ದರಿಂದ ಈ ರೋಗ ಅವಕ್ಕೂ ತಗಲುತ್ತದೆ. ಆದ್ದರಿಂದ ಕಾಡಂಚಿನ ಊರುಗಳಲ್ಲಿ ರೇಬಿಸ್ ಲಸಿಕೆಯ ಜೊತೆಗೆ ಡಿಸ್ಟೆಂಪರ್, ಪಾರ್ವೊ ತಡೆಯುವ ಲಸಿಕೆಯೂ ಬೇಕು. ಮರಿಗೆ ಆರರಿಂದ ಎಂಟು ವಾರವಾದಾಗ ಅದನ್ನು ಶುರು ಮಾಡಿಸಿ. ಒಂದು ಮನೆಯವರು ಹಾಕಿಸಿ ಉಳಿದವರು ಬಿಟ್ಟರೆ ರೋಗ ನಿಲ್ಲದು. ಹಾಲಿನ ಡೇರಿಯ ಮುಂದೆ ಒಂದು ಬೆಳಗ್ಗೆ ಊರಿನ ನಾಯಿಗಳನ್ನೆಲ್ಲ ಸೇರಿಸಿ, ಪಶುವೈದ್ಯರನ್ನು ಅಲ್ಲಿಗೇ ಕರೆಸಿ, ಎಲ್ಲಕ್ಕೂ ಒಟ್ಟಿಗೆ ಹಾಕಿಸುವುದು ಸುಲಭ.