‘ಬಿಡಾರ’: ಯೋಹಾನ 14:2ರ ಒಂದು ಪದವಿಚಾರ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಅನೇಕ ಕುಟುಂಬಗಳು ಪುಣೆ, ಮುಂಬೈ, ಬೆಂಗಳೂರುಗಳಿಗೆ ಗುಳೆ ಹೋಗುತ್ತವೆ. ಕಟ್ಟಡದ ಬದಿಯಲ್ಲಿ ತಗಡು ಹೊದಿಸಿದ ಗುಡಿಸಲೇ ಅವರ ಬಿಡಾರ. ಕೆಲಸ ಮುಗಿದೊಡನೆ ಅದನ್ನು ಕಿತ್ತು ಮುಂದಕ್ಕೆ ಹೊರಡಬೇಕು. ಇಂಥ ಕುಟುಂಬವೊಂದರ ಶವಸಂಸ್ಕಾರದಲ್ಲಿ ಯೋಹಾನ 14ನೆಯ ಅಧ್ಯಾಯವನ್ನು ಓದುವ ಸಭಾಪಾಲಕನಿಗೆ, ನಮ್ಮ ಹಳೆಯ ಸತ್ಯವೇದದಲ್ಲಿ ತಂದೆಯ ಮನೆಯ ಸಂಬಂಧವಾಗಿಯೂ ‘ಬಿಡಾರ’ವೆಂಬ ಪದವೇ ಎದುರಾಗುತ್ತದೆ. ಹಾಗಾದರೆ ಮೃತನು ಸೇರಿದ್ದು ಮತ್ತೊಂದು ತಾತ್ಕಾಲಿಕ ತಂಗುದಾಣವನ್ನೋ? ಕೇಳುವವರ ಮನಸ್ಸಿನಲ್ಲಿ ಈ ಪ್ರಶ್ನೆ ಏಳುವುದು ಸಹಜ.

ಕನ್ನಡದ ರೂಢಿಯಲ್ಲಿ ‘ಬಿಡಾರ ಹೂಡು’ ಎಂದರೆ ಪಯಣದ ನಡುವೆ ಹೊರೆ ಇಳಿಸಿ ಕೆಲಕಾಲ ತಂಗುವುದು. ಮೂಲದ ಗ್ರೀಕ್ ಪದ ‘ಮೊನೇ’. ಅದನ್ನು ಲ್ಯಾಟಿನ್ ಸತ್ಯವೇದವು ‘ಮಾನ್ಸಿಯೊ’ ಎಂದು ಅನುವಾದಿಸಿತು. ರೋಮನ್ ಹೆದ್ದಾರಿಗಳ ತಂಗುದಾಣಗಳಿಗೂ ಅದೇ ಹೆಸರಿತ್ತು. 3ನೆಯ ಶತಮಾನದ ಒರಿಗೆನನು ಈ ವಚನದಲ್ಲಿ ಆತ್ಮದ ಊರ್ಧ್ವಪಯಣದ ಹಂತಗಳನ್ನು ಕಂಡನು. ಆದುದರಿಂದ ‘ನಡುವಣ ತಂಗುದಾಣ’ವೆಂಬ ಅರ್ಥಕ್ಕೆ ಪ್ರಾಚೀನ ಆಧಾರವಿಲ್ಲದಿಲ್ಲ.

ಆದರೆ ಯೋಹಾನನ ಸುವಾರ್ತೆಯೇ ಬೇರೆ ದಾರಿಯನ್ನು ತೋರಿಸುತ್ತದೆ. ‘ಮೊನೇ’ ಎಂಬ ಪದವು ‘ಮೆನೋ’ ಎಂಬ ಕ್ರಿಯಾಪದದಿಂದ ಬಂದುದು; ‘ನೆಲೆಗೊಂಡಿರು’ ಎಂಬುದು ಅದರ ಅರ್ಥ. ದ್ರಾಕ್ಷಿಬಳ್ಳಿಯ ಸಾಮ್ಯದಲ್ಲಿ (15:4) ಬರುವುದೂ ಇದೇ ಕ್ರಿಯಾಪದ. ಹೊಸ ಒಡಂಬಡಿಕೆಯಲ್ಲಿ ‘ಮೊನೇ’ ಬರುವುದು ಎರಡೇ ಸಲ. ಎರಡನೆಯದು 14:23ರಲ್ಲಿ: ತನ್ನನ್ನು ಪ್ರೀತಿಸುವವನ ಬಳಿಗೆ ತಂದೆಯೂ ಮಗನೂ ಬಂದು ವಾಸಮಾಡುವರು. ಒಂದು ರಾತ್ರಿ ತಂಗಿ ಹೊರಟುಹೋಗುವ ದೇವರನ್ನು ಅಲ್ಲಿ ಊಹಿಸಲಾಗದು. 14:23ರಲ್ಲಿ ನೆಲೆಯಾದುದು 14:2ರಲ್ಲಿ ಬರಿಯ ತಂಗುದಾಣವಾಗುವುದು ಹೇಗೆ?

ಹಾಗೆಂದು ‘ಬಿಡಾರ’ವನ್ನು ಪ್ರಸಂಗಪೀಠದಿಂದ ತಳ್ಳಿಹಾಕಬೇಕಾಗಿಲ್ಲ. ಯೋಹಾನ 8:35 ಇಲ್ಲಿ ನೆರವಾಗುತ್ತದೆ. ಅಲ್ಲಿಯೂ ‘ಮನೆ’ ಎಂಬುದಕ್ಕೆ ಅದೇ ಗ್ರೀಕ್ ಪದ, ‘ನೆಲೆಗೊಂಡಿರು’ ಎಂಬುದಕ್ಕೆ ಅದೇ ‘ಮೆನೋ’: ದಾಸನು ಮನೆಯಲ್ಲಿ ಯಾವಾಗಲೂ ಇರುವುದಿಲ್ಲ, ಮಗನು ಯಾವಾಗಲೂ ಇರುತ್ತಾನೆ. ಬಿಡಾರವನ್ನು ತಾತ್ಕಾಲಿಕವಾಗಿಸುವುದು ಅದರ ತಗಡಲ್ಲ. ಅಲ್ಲಿರುವವನು ಕೂಲಿಯವನೋ ಮಗನೋ ಎಂಬುದು. ಗುಳೆ ಹೋದವರು ಜೀವಮಾನವಿಡೀ ಪರರ ನೆಲದಲ್ಲಿ ಬಿಡಾರ ಹೂಡಿದವರು. ತಂದೆಯ ಮನೆಯಲ್ಲಿ ಅವರು ಮಕ್ಕಳು; ಅಲ್ಲಿಂದ ಅವರನ್ನು ಎಬ್ಬಿಸುವವರಿಲ್ಲ. ಈ ಮಾತನ್ನು ಅವರದೇ ಪದದಲ್ಲಿ ಬಿಡಿಸಿ ಹೇಳುವುದು ಸಭಾಪಾಲಕನ ಹೊಣೆ.