ಬೇಲಿಯಿಂದ ಕಾಡಿಗೆ ನುಗ್ಗಿದ ಲಂಟಾನ

ಶಾಲೆ, ಕಾಲೇಜಿಗೆ ಹೋಗುವ ದಾರಿಯ ಬೇಲಿಯಲ್ಲಿ ಈ ಗಿಡವನ್ನು ನೀವು ನೋಡಿಯೇ ಇರುತ್ತೀರಿ. ಒಂದೇ ಗೊಂಚಲಿನಲ್ಲಿ ಎರಡು ಬಣ್ಣದ ಪುಟ್ಟ ಹೂಗಳು: ನಡುವೆ ಹಳದಿ, ಅಂಚಿನಲ್ಲಿ ಗುಲಾಬಿ. ಆಗತಾನೆ ಅರಳಿದ್ದು ಹಳದಿ. ಹಳತಾದಂತೆ ಬಣ್ಣ ತಿರುಗುತ್ತದೆ. ಇನ್ನೂ ಅನುಮಾನವೇ? ಎಳೆಯ ಕಾಂಡವನ್ನು ಬೆರಳಲ್ಲಿ ಹಿಡಿದು ಹೊರಳಿಸಿ (ಮುಳ್ಳು ಜೋಪಾನ!). ಅದು ದುಂಡಗಿರದೆ ಚೌಕವಾಗಿರುತ್ತದೆ. ಎಲೆಗಳು ಎದುರುಬದುರು, ಮುಟ್ಟಿದರೆ ಒರಟು, ಹೊಸಕಿದರೆ ಘಾಟು ವಾಸನೆ. ಹಣ್ಣು ನೇರಳೆಗಪ್ಪು. ಇದೇ ಲಂಟಾನ.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಪೊದೆಯನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ತೋಟದ ಅಲಂಕಾರಕ್ಕೆಂದು ತಂದರು. ಅದನ್ನು ಬೇಲಿ ದಾಟಿಸಿದ್ದು ಪಿಕಳಾರದಂಥ ಹಕ್ಕಿಗಳು; ಹಣ್ಣು ತಿಂದು, ಬೀಜವನ್ನು ಹಿಕ್ಕೆಯೊಡನೆ ಕಾಡಿನಲ್ಲಿ ಉದುರಿಸಿದವು.

ಬಿಳಿಗಿರಿರಂಗನ ಬೆಟ್ಟದಲ್ಲಿ ಚಿತ್ರೀಕರಣಕ್ಕೆ ಹೋದಾಗ ನಮ್ಮ ಛಾಯಾಗ್ರಾಹಕರು ಲಂಟಾನ ಹೂವಿನ ಮೇಲೆ ಕೂತ ಚಿಟ್ಟೆಯ ಹಿಂದೆ ಬಹಳ ಹೊತ್ತು ಕಳೆದರು. ಚಿತ್ರ ಚೆನ್ನಾಗಿಯೇ ಬಂತು. ಜೊತೆಗಿದ್ದ ಸೋಲಿಗ ಹಿರಿಯರು ಮಾತ್ರ ಪೊದೆಯ ಬುಡ ತೋರಿಸಿದರು. ಅಲ್ಲಿ ಒಂದು ಎಸಳು ಹುಲ್ಲೂ ಇರಲಿಲ್ಲ. ಬಿಸಿಲು ನೆಲ ಮುಟ್ಟದಿದ್ದರೆ ಹುಲ್ಲಿಲ್ಲ, ಮರದ ಸಸಿಯಿಲ್ಲ. ಜಿಂಕೆ, ಕಾಟಿಗಳಿಗೆ ಮೇವಿಲ್ಲ. ಲಂಟಾನದ ಎಲೆಯೋ ದನಕರುಗಳ ಯಕೃತ್ತಿಗೆ ವಿಷ.

ಬೇಸಿಗೆಯ ಮೊದಲಲ್ಲಿ ತರಗೆಲೆಗೆ ಹಚ್ಚುತ್ತಿದ್ದ ಸಣ್ಣ ಬೆಂಕಿ, 1972ರ ವನ್ಯಜೀವಿ ಕಾಯ್ದೆಯ ನಂತರ ನಿಂತದ್ದರಿಂದಲೇ ಲಂಟಾನ ಹಬ್ಬಿತೆಂಬುದು ಸೋಲಿಗರ ವಾದ. ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಆದರೆ ಪೊದೆ ದಟ್ಟವಾಗಿರುವ ಕಡೆ ಈಗ ಬೆಂಕಿ ಬಿದ್ದರೆ ಜ್ವಾಲೆ ಮರದ ಕೊಂಬೆಗೇ ಏರುತ್ತದೆ. ಮಳೆಯಾದೊಡನೆ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ.

1921ರಲ್ಲೇ ಇದರ ಬೀಜ ಕೊರೆಯುವ ನೊಣವನ್ನು ಹವಾಯಿಯಿಂದ ತಂದು ಬಿಟ್ಟರು. ಲಂಟಾನ ಜಗ್ಗಲಿಲ್ಲ.

ಮೇಲಷ್ಟೇ ಸವರಿದರೆ ಒಂದು ಕಾಂಡ ಇದ್ದಲ್ಲಿ ಹತ್ತು ಏಳುತ್ತವೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ ಸರಳ: ಮಣ್ಣಿನಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನೇ ಕಡಿದು, ಪೊದೆಯನ್ನು ತಲೆಕೆಳಗಾಗಿ ನಿಲ್ಲಿಸಿ ಒಣಗಿಸಬೇಕು. ಹಣ್ಣು ಬಿಡುವ ಮುನ್ನವೇ ಈ ಕೆಲಸ ಆಗಬೇಕು. ಮಣ್ಣಿನಲ್ಲಿ ಉಳಿದ ಬೀಜ ಮುಂದಿನ ಮಳೆಗೆ ಮೊಳೆಯುತ್ತದೆ. ಕೆಲವು ವರ್ಷ ಸಸಿಗಳನ್ನು ಕೀಳುತ್ತಲೇ ಇರಬೇಕು, ತೆರವಾದ ಜಾಗಕ್ಕೆ ನಾಡಹುಲ್ಲು, ಬಿದಿರು ಹಾಕಬೇಕು. ಬಹಳ ಕಡೆ ಕೆಲಸ ಕೆಡುವುದು ಇಲ್ಲಿಯೇ. ಕಡಿಯಲು ಹಣ ಹುಟ್ಟುತ್ತದೆ, ಕಾಯಲು ಹುಟ್ಟುವುದಿಲ್ಲ.

ಕಡಿದ ಕಡ್ಡಿಯನ್ನು ಮಲೆ ಮಹದೇಶ್ವರ ಬೆಟ್ಟದ ಕುಶಲಕರ್ಮಿಗಳು ಬೇಯಿಸಿ, ತೊಗಟೆ ಸುಲಿದು, ಕುರ್ಚಿ, ಬುಟ್ಟಿ ಮಾಡುತ್ತಾರೆ. ಅಂಥದೊಂದು ಕುರ್ಚಿಯನ್ನು ಬೆತ್ತದ್ದೆಂದು ತಿಳಿದು ಕೂತವರಲ್ಲಿ ನಾನೂ ಒಬ್ಬ.