ಸಂಜೆಯ ಹೊತ್ತಿನಲ್ಲಿ ಬ್ರಾಡ್‌ಬ್ಯಾಂಡ್ ನಿಧಾನವೇಕೆ?

ಬೆಳೆ ವಿಮೆ, ಹವಾಮಾನ ಮುನ್ಸೂಚನೆ, ತೊಗರಿಯ ಪೇಟೆ ಧಾರಣೆ ಮುಂತಾದವು ಇಂದು ಅಂತರಜಾಲದ ಮೂಲಕ ಮನೆಯಲ್ಲಿಯೇ ದೊರೆಯುತ್ತವೆ. ಆದರೆ ಹೊಲದ ಕೆಲಸ ಮುಗಿಸಿ ರಾತ್ರಿ 8 ಗಂಟೆಗೆ ಕುಳಿತರೆ, ಬೆಳಿಗ್ಗೆ ಚೆನ್ನಾಗಿದ್ದ ಸಂಪರ್ಕ ತೆವಳತೊಡಗುತ್ತದೆ. ಕಮಲಾಪುರ ತಾಲ್ಲೂಕಿನ ಮಹಾಗಾಂವದಂತಹ ಗ್ರಾಮಗಳ ರೈತರು ಇದರ ಕಾರಣ ಅರಿತಿರುವುದು ಅವಶ್ಯಕ.

ಕಾರಣ: ಬ್ರಾಡ್‌ಬ್ಯಾಂಡ್ ಕಾಲುವೆಯ ನೀರಿನಂತೆ ಹಂಚಿಕೊಳ್ಳುವ ವಸ್ತು. ಮೇಲ್ಭಾಗದವರೆಲ್ಲ ಒಮ್ಮೆಗೇ ತೂಬು ತೆರೆದರೆ ಕೊನೆಯ ಹೊಲಕ್ಕೆ ನೀರು ಏರುವುದಿಲ್ಲ. ಜಿಪಾನ್ ಪದ್ಧತಿಯ ಒಂದು ಫೈಬರ್ ಎಳೆ ಸೆಕೆಂಡಿಗೆ ಸುಮಾರು 2,500 ಮೆಗಾಬಿಟ್ ತರುತ್ತದೆ. ಇದನ್ನು 32 ಮನೆಗಳು ಒಟ್ಟಿಗೆ ಬಳಸಿದರೂ ತಲಾ ಸುಮಾರು 78 ಮೆಗಾಬಿಟ್ ಬರಬೇಕು. ಆದುದರಿಂದ ಕೊರತೆ ಹೆಚ್ಚಾಗಿ ಊರಿನ ಎಳೆಯಲ್ಲಿರದೆ, ಊರಿನಿಂದ ನಗರಕ್ಕೆ ಹೋಗುವ ಮುಖ್ಯ ಮಾರ್ಗದಲ್ಲಿ ಅಥವಾ ಮನೆಯ ಒಳಗೆ ಇರುತ್ತದೆ.

ಪರೀಕ್ಷಿಸುವ ವಿಧಾನ: ರೂಟರಿಗೆ ಕಂಪ್ಯೂಟರನ್ನು ತಂತಿಯಿಂದ ಜೋಡಿಸಿ, ಮೂರು ದಿನ ಬೆಳಿಗ್ಗೆ 6 ಹಾಗೂ ರಾತ್ರಿ 9 ಗಂಟೆಗೆ ವೇಗ ಅಳೆದು ಬರೆದಿಡಬೇಕು. ತಂತಿಯಲ್ಲಿಯೂ ರಾತ್ರಿ ಮಾತ್ರ ವೇಗ ಕುಸಿದರೆ ದೋಷ ಹೊರಗಿನ ಮಾರ್ಗದ್ದು. ತಂತಿಯಲ್ಲಿ ಸರಿಯಿದ್ದು ವೈಫೈನಲ್ಲಿ ಕಡಿಮೆಯಾದರೆ ದೋಷ ಮನೆಯದು.

ಅನುಸರಿಸಬೇಕಾದ ಕ್ರಮಗಳು:

1. ದಪ್ಪ ಕಲ್ಲುಗೋಡೆಯ ಮನೆಗಳಲ್ಲಿ ರೂಟರನ್ನು ನಡುಮನೆಯಲ್ಲಿ ಎತ್ತರಕ್ಕೆ ಇಡಬೇಕು. ಹತ್ತಿರದ ಬಳಕೆಗೆ 5 ಗಿಗಾಹರ್ಟ್ಸ್, ಗೋಡೆಯಾಚೆಗೆ 2.4 ಗಿಗಾಹರ್ಟ್ಸ್ ಉತ್ತಮ.

2. ವಿದ್ಯುತ್ ಹೋದಾಗ ಸಂಪರ್ಕ ಕಡಿಯದಂತೆ ರೂಟರಿಗೆ ಚಿಕ್ಕ ಬ್ಯಾಟರಿ ಜೋಡಿಸಬೇಕು.

3. ಫೈಬರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿದರೆ ಬೆಳಕಿನ ಸಂಕೇತ ಬರುತ್ತಿಲ್ಲವೆಂದು ತಿಳಿದು, ಕೂಡಲೇ ದೂರು ಕೊಡಬೇಕು.

4. ಬರೆದಿಟ್ಟ ಅಳತೆಗಳೊಂದಿಗೆ ದೂರು ಸಲ್ಲಿಸಿ, ದೂರಿನ ಸಂಖ್ಯೆ ಪಡೆಯಬೇಕು. ಪರಿಹಾರ ಸಿಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. 2023ರ ವ್ಯಾಖ್ಯೆಯಂತೆ ಸೆಕೆಂಡಿಗೆ 2 ಮೆಗಾಬಿಟ್‌ಗಿಂತ ಕಡಿಮೆ ವೇಗದ್ದು ಬ್ರಾಡ್‌ಬ್ಯಾಂಡ್ ಎನಿಸದು.

5. ಅರ್ಜಿ, ನೋಂದಣಿ ಮುಂತಾದ ಕೆಲಸಗಳನ್ನು ಕೊನೆಯ ದಿನದ ರಾತ್ರಿಗೆ ಬಿಡದೆ ನಸುಕಿನಲ್ಲಿ ಮುಗಿಸಬೇಕು.

ಒಂದು ಎಚ್ಚರಿಕೆ: ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆ ಅಥವಾ ಹೊಲದಲ್ಲಿ ನೀರು ನಿಂತು ಆದ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕು. ಸಂಪರ್ಕ ಸರಿಹೋಗಲೆಂದು ಕಾಯುತ್ತ ಕುಳಿತರೆ ಪರಿಹಾರ ಕೈತಪ್ಪೀತು. ಅಂತಹ ಸಮಯದಲ್ಲಿ ಸಹಾಯವಾಣಿ 14447ಕ್ಕೆ ಫೋನು ಮಾಡಿ ಹಾನಿಯನ್ನು ದಾಖಲಿಸುವುದು ಲೇಸು.